ಕೊನೇ ಪಂಕ್ತಿಯ ಫೋಟೋಗ್ರಾಫರ್

ಕೆಲಸದಿಂದ ನಿವೃತ್ತನಾದ ಬೆಂಗಳೂರಿನ ಗಂಡಸಿಗೆ ಮೂರರಲ್ಲಿ ಒಂದು ಕಾಯಿಲೆ ಅಂಟಿಯೇ ಅಂಟುತ್ತದೆ: ಜ್ಯೋತಿಷ್ಯ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಹುದ್ದೆ, ಇಲ್ಲವೇ ಕ್ಯಾಮೆರಾ. ಮೊದಲನೆಯದಕ್ಕೆ ಬೇಕಾದ ಗಾಂಭೀರ್ಯ ನನ್ನ ಮುಖಕ್ಕಿಲ್ಲ. ಎರಡನೆಯದಕ್ಕೆ ನಿಂತು ಸೋತೆ. ನೀರಿನ ಟ್ಯಾಂಕರಿನ ಬಿಲ್ಲಿನ ವಿಚಾರದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಿದ್ದೆ. ಹೀಗಾಗಿ ಮೂರನೆಯದು ತಗುಲಿಕೊಂಡಿತು.

ಪಿಎಫ್ ಹಣ ಖಾತೆಗೆ ಬಿದ್ದ ವಾರವೇ ಅಂಗಡಿಗೆ ಹೋಗಿ, “ಫೋಟೋಗ್ರಫಿ ಕಲೀಬೇಕಪ್ಪಾ” ಅಂದೆ. ಕೌಂಟರಿನ ಹುಡುಗ ಯಾವ ಥರದ ಫೋಟೋ, ಯಾಕೆ, ಏನು ಅಂತ ಒಂದೂ ಕೇಳಲಿಲ್ಲ. “ಬಜೆಟ್ ಎಷ್ಟು ಸಾರ್?” ಅಂದ. ಬ್ಯಾಂಕಿನಲ್ಲಿ 34 ವರ್ಷ ಸಾಲ ಕೇಳಲು ಬಂದವರ ಮುಖ ಓದಿದವನು ನಾನು. ಆದರೆ ಎದುರಿನವನ ಜೇಬು ಅಳೆಯುವುದರಲ್ಲಿ ಆ ಹುಡುಗ ನನಗೇ ರೀಜನಲ್ ಮ್ಯಾನೇಜರ್ ಆಗಬಹುದಿತ್ತು. ಡಿಎಸ್‌ಎಲ್‌ಆರ್ ತೋರಿಸು ಅಂದಾಗ ಗ್ರಾಮಫೋನ್ ಕೇಳಿದವನನ್ನು ನೋಡುವ ಹಾಗೆ ನೋಡಿದ. ಈಗೆಲ್ಲ ಮಿರರ್‌ಲೆಸ್ಸಂತೆ. ಒಳಗಿದ್ದ ಕನ್ನಡಿ ತೆಗೆದಿದ್ದಾರೆ, ಬೆಲೆ ಏರಿಸಿದ್ದಾರೆ. ಹೋಟೆಲಿನವನು ಮಸಾಲೆ ದೋಸೆಯಿಂದ ಪಲ್ಯ ತೆಗೆದು, ‘ಪಲ್ಯಲೆಸ್’ ಎಂದು ಬೋರ್ಡು ಬರೆಸಿ, ಬಿಲ್ಲಿಗೆ ಇಪ್ಪತ್ತು ರೂಪಾಯಿ ಸೇರಿಸಿದ ಹಾಗೆ. ಬಾಯಿ ಮುಚ್ಚಿಕೊಂಡು ಕೊಂಡೆ.

ಕ್ಯಾಮೆರಾದ ಜೊತೆಗೇ ಬರುವ ಪುಟ್ಟ ಲೆನ್ಸಿಗೆ ಕಿಟ್ ಲೆನ್ಸು ಅನ್ನುತ್ತಾರೆ. ಮನೆಗೆ ಬಂದ ಸೊಸೆಯನ್ನು ಹಳೇ ಕಾಲದ ಅತ್ತೆ ಆಡಿಕೊಳ್ಳುವ ಹಾಗೆ ಅದನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ಅದರಲ್ಲಿ ಕಲಿಯಬೇಕಾದ್ದೆಲ್ಲ ಕಲಿಯಬಹುದು ಅಂತ ಯಾರೂ ನನಗೆ ಹೇಳಲಿಲ್ಲ, ಹೇಳಿದರೆ ಯಾರಿಗೂ ಕಮಿಷನ್ ಇಲ್ಲ. ಹಾಗಾಗಿ 600 ಮಿಲಿಮೀಟರ್‌ವರೆಗೆ ಎಳೆಯಬಲ್ಲ, ಎರಡು ಕೆ.ಜಿ. ಆಸುಪಾಸಿನ ಒಂದು ತೋಪು ಕೊಂಡೆ. ಅದನ್ನು ಹೊರಲು ಟ್ರೈಪಾಡು, ಟ್ರೈಪಾಡು ಹೊರಲು ಬ್ಯಾಗು, ಬ್ಯಾಗು ಹೊರಲು ನಾನು.

ಮನೆಗೆ ಬಂದರೆ ತಂಗಿಯ ಮಗ ಕಾದಿದ್ದ. “ಮಾವ, ಫೋಟೋ ಎಲ್ಲ ಆಮೇಲೆ. ಮೊದಲು ಪೇಜ್ ಮಾಡ್ಬೇಕು, ಲೋಗೋ ಬೇಕು.” ಸಂಜೆಯೊಳಗೆ ನನ್ನ ಹೆಸರಿನ ಮುಂದೆ ‘ಫೋಟೋಗ್ರಫಿ’ ಅಂಟಿಕೊಂಡಿತು, ಹೆಸರಿನ ನೆತ್ತಿಯ ಮೇಲೆ ಒಂದು ಜಿಂಕೆ ಹಾರಿತು. ಆ ಹೊತ್ತಿಗೆ ನಾನು ತೆಗೆದಿದ್ದ ಫೋಟೋಗಳು ಎರಡು. ಒಂದು ಲೆನ್ಸಿನ ಮುಚ್ಚಳದ ಒಳಮೈಯದು, ಇನ್ನೊಂದು ನನ್ನ ಎಡಗಾಲಿನದು. ಎಡಗಾಲಿನ ಮೂಲೆಯಲ್ಲೂ ಜಿಂಕೆ ಹಾರುತ್ತಿತ್ತು.

ಕಲಿಯುವುದಕ್ಕೆ ಮೊದಲು ಯೂಟ್ಯೂಬಿಗೆ ಬಿದ್ದೆ. ‘ಹೊಸಬರು ಮಾಡುವ ಏಳು ತಪ್ಪುಗಳು’, ‘ಒಂಬತ್ತು ತಪ್ಪುಗಳು’, ‘ಇಪ್ಪತ್ತೊಂದು ತಪ್ಪುಗಳು’. ಮೂರು ತಿಂಗಳಲ್ಲಿ ಒಂದು ಫೋಟೋವನ್ನೂ ತೆಗೆಯದೆ ಎಲ್ಲ ತಪ್ಪುಗಳಲ್ಲೂ ಪಾರಂಗತನಾದೆ. ಪ್ರತಿ ಗುರುವೂ ಮೊದಲ ನಿಮಿಷದಲ್ಲಿ, ಕ್ಯಾಮೆರಾ ಮುಖ್ಯವಲ್ಲ ಕಣ್ಣು ಮುಖ್ಯ ಅನ್ನುತ್ತಾನೆ; ಹತ್ತನೇ ನಿಮಿಷದಲ್ಲಿ, ನಾನು ಬಳಸುವ ಕ್ಯಾಮೆರಾದ ಲಿಂಕು ಕೆಳಗಿದೆ ಅನ್ನುತ್ತಾನೆ. ಕಣ್ಣಿನ ಲಿಂಕು ಯಾರೂ ಕೊಟ್ಟಿಲ್ಲ.

ಆಮೇಲೆ ಕಾರ್ಯಾಗಾರ. ಎರಡು ದಿನ, ಊಟ ಸಮೇತ, ‘ಬೇಸಿಕ್ ಟು ಅಡ್ವಾನ್ಸ್ಡ್’. ಕ್ಲರ್ಕಿನಿಂದ ಆಫೀಸರ್ ಆಗಲು ನನಗೆ 11 ವರ್ಷ ಹಿಡಿದಿತ್ತು. ಇಲ್ಲಿ ಶನಿವಾರ ಬೆಳಿಗ್ಗೆ ಬೇಸಿಕ್, ಭಾನುವಾರ ಸಂಜೆ ಅಡ್ವಾನ್ಸ್ಡ್. ಪರಿಚಯ ಮಾಡಿಕೊಳ್ಳುವುದರಲ್ಲೇ ಮೊದಲ ದಿನದ ಕಾಫಿ ಮುಗಿಯಿತು. ಅಪರ್ಚರು, ಶಟರು, ಐಎಸ್‌ಒ ಎಂಬ ಮೂರು ಮೂಲೆಗಳ ತ್ರಿಕೋನ ಪರದೆಯ ಮೇಲೆ ಬಂತು. ಅದು ಏನು ಎಂದು ಅರ್ಥವಾಗುವ ಮೊದಲೇ ಮೇಷ್ಟ್ರು ತಮ್ಮ ಆಫ್ರಿಕಾ ಪ್ರವಾಸಕ್ಕೆ ಹೋಗಿಬಿಟ್ಟರು. ಅಲ್ಲಿಂದ ಅವರು ಹಿಂತಿರುಗಲೇ ಇಲ್ಲ. ಎರಡು ದಿನದಲ್ಲಿ 140 ಸಿಂಹ ನೋಡಿದೆವು. ನಾವು 18 ಜನರೂ ನಮ್ಮ ನಮ್ಮ ಕ್ಯಾಮೆರಾ ತಂದಿದ್ದೆವು. ಅದನ್ನು ಬ್ಯಾಗಿನಿಂದ ತೆಗೆದದ್ದು ಕೊನೆಗೆ, ಸರ್ಟಿಫಿಕೇಟ್ ಹಿಡಿದುಕೊಂಡ ಗುಂಪಿನ ಫೋಟೋಕ್ಕೆ. ಅದನ್ನೂ ಕಡೆಗೆ ಕಾಫಿ ತಂದುಕೊಟ್ಟ ಹುಡುಗ ಮೊಬೈಲಿನಲ್ಲಿ ತೆಗೆದ. ಚೆನ್ನಾಗಿ ಬಂದಿದೆ.

ನನ್ನ ತಲೆಗೆ ಹತ್ತದೇ ಉಳಿದದ್ದು ಎಫ್ ನಂಬರು. ಲೆನ್ಸಿನೊಳಗಿನ ಕಿಂಡಿ ದೊಡ್ಡದಾದರೆ ನಂಬರು ಚಿಕ್ಕದಂತೆ, ಕಿಂಡಿ ಚಿಕ್ಕದಾದರೆ ನಂಬರು ದೊಡ್ಡದಂತೆ. ಎಫ್ 2 ಅಂದರೆ ಬಾಗಿಲು, ಎಫ್ 16 ಅಂದರೆ ಬೀಗದ ತೂತು. ಇದೆಂಥ ಲೆಕ್ಕ? ಊಟಕ್ಕೆ ಕೂತು ಗೊಣಗುತ್ತಿದ್ದೆ. ಇವಳು ಒಬ್ಬಟ್ಟು ಬಡಿಸುತ್ತಾ ಕೇಳಿಸಿಕೊಂಡಳು. “ರೀ, ಒಂದು ಒಬ್ಬಟ್ಟನ್ನ ಇಬ್ಬರಿಗೆ ಹಂಚಿದ್ರೆ ಎಷ್ಟು ಸಿಗುತ್ತೆ? ಹದಿನಾರು ಜನಕ್ಕೆ ಹಂಚಿದ್ರೆ? ಅಷ್ಟೇ ಅಲ್ವಾ?” ಅಷ್ಟೇ! ಲೆನ್ಸಿನ ಉದ್ದವನ್ನು ಆ ನಂಬರಿನಿಂದ ಭಾಗಿಸಿದರೆ ಕಿಂಡಿಯ ಅಗಲ. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್ 2 ಅಂದರೆ 25 ಮಿಲಿಮೀಟರ್, ಎಫ್ 16 ಅಂದರೆ ಬರೀ ಮೂರು ಚಿಲ್ಲರೆ. ಎರಡು ದಿನದ ಕಾರ್ಯಾಗಾರದಲ್ಲಿ ಆಗದ್ದು ಎರಡು ಒಬ್ಬಟ್ಟಿನಲ್ಲಿ ಆಯಿತು. ಸರ್ಟಿಫಿಕೇಟ್ ಮಾತ್ರ ಇವಳು ಕೊಡಲಿಲ್ಲ. ತುಪ್ಪ ಹಾಕಿದಳು.

ಇನ್ನು ರಂಗನತಿಟ್ಟು. ಸಲೀಂ ಅಲಿಯವರು ಮೈಸೂರು ಒಡೆಯರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮವಾದ ಜಾಗ. ಹೊಸ ಕ್ಯಾಮೆರಾದವನು ಅಲ್ಲಿಗೆ ಹೋಗದಿದ್ದರೆ ಹೊಸ ವಧೂವರರು ದೇವಸ್ಥಾನಕ್ಕೆ ಹೋಗದಷ್ಟೇ ದೋಷ. ಮೋಡದ ಬೆಳಿಗ್ಗೆ ದೋಣಿ ಹತ್ತಿದೆ. ಬಂಡೆಯ ಮೇಲೆ ಮೊಸಳೆ, ಮರದ ತುಂಬಾ ಬಣ್ಣದ ಕೊಕ್ಕರೆ, ಕಪ್ಪು ನೀರಿನಂಚಿಗೆ ಧ್ಯಾನಕ್ಕೆ ನಿಂತ ಬೆಳ್ಳಕ್ಕಿ. ನನ್ನ ಕ್ಯಾಮೆರಾ ಸೆಕೆಂಡಿಗೆ ಹತ್ತು ಫೋಟೋ ಹೊಡೆಯುತ್ತದೆ. ದೀಪಾವಳಿಯ ಸರಪಟಾಕಿಯಂತೆ ಹೊಡೆದೆ. ದೋಣಿ ದಡ ಮುಟ್ಟುವಾಗ 640 ಫೋಟೋ. ಪಕ್ಕದಲ್ಲಿ ಕೂತಿದ್ದ ಮಗು ತನ್ನಮ್ಮನಿಗೆ, “ಅಮ್ಮಾ, ಆ ತಾತ ಹಕ್ಕೀನ ಯಾಕೆ ಸಾಯಿಸ್ತಾ ಇದ್ದಾರೆ?” ಅಂತ ಕೇಳಿತು.

ಮನೆಯಲ್ಲಿ ಟಿವಿಗೆ ಹಾಕಿ ನೋಡಿದರೆ ಮಗು ಹೇಳಿದ್ದೇ ನಿಜ. ಬೆಳ್ಳಕ್ಕಿ ಇರಬೇಕಾದ ಕಡೆ ಹಾಳೆಯ ಮೇಲೆ ವೈಟ್ನರ್ ಸುರಿದ ಹಾಗೆ ಒಂದು ಬಿಳಿ ಮಚ್ಚೆ. ಗರಿಯಿಲ್ಲ, ರೆಕ್ಕೆಯಿಲ್ಲ. ಹಾರುತ್ತಿದ್ದವು ಹಾರುತ್ತಿದ್ದವೋ ಒಗೆದು ಒಣಗಲು ಹಾಕಿದ್ದವೋ ಗೊತ್ತಾಗುವಂತಿರಲಿಲ್ಲ. “ಚೆನ್ನಾಗಿದೆ ರೀ,” ಅಂದಳು ಇವಳು, “ಏನಿದು?”

ಇದರ ಗುಟ್ಟು ತಿಳಿಯಲು ನನಗೆ ಇನ್ನೊಂದು ತಿಂಗಳು ಬೇಕಾಯಿತು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಒಂದು ಮೀಟರು ಇದೆ. ಅದು ಸರ್ಕಾರಿ ಕಡತದಂತೆ. ಅದರ ದೃಷ್ಟಿಯಲ್ಲಿ ಜಗತ್ತೆಲ್ಲ ಒಂದೇ ಬೂದು ಬಣ್ಣ. ಎದುರಿಗಿರುವುದು ಬೀಳುವ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಕ್ಕೆ ಕೊಡುತ್ತದೆ ಎಂಬ ನಂಬಿಕೆಯ ಮೇಲೆ ಅದರ ಬದುಕು ನಡೆಯುತ್ತದೆ. ಫ್ರೇಮಿನ ತುಂಬಾ ಕಪ್ಪು ನೀರಿದ್ದರೆ, ಅಯ್ಯೋ ಕತ್ತಲಾಯಿತು ಎಂದು ಹೆದರಿ ಬೆಳಕು ಏರಿಸುತ್ತದೆ. ನೀರು ಬೂದಾಗುತ್ತದೆ, ಬೆಳ್ಳಕ್ಕಿ ಸುಟ್ಟುಹೋಗುತ್ತದೆ. ಫ್ರೇಮಿನ ತುಂಬಾ ಬಿಳಿಯಿದ್ದರೆ ಉಲ್ಟಾ. ಬಿಳಿ ತಟ್ಟೆಯಲ್ಲಿ ಬಿಳಿ ಇಡ್ಲಿಯ ಫೋಟೋ ತೆಗೆದು ತೋರಿಸಿದಾಗ ಇವಳು ಎರಡು ದಿನ ಮಾತು ಬಿಟ್ಟಿದ್ದಳು. ಅದು ರಾಗಿ ಇಡ್ಲಿಯಾಗಿ ಬಂದಿತ್ತು. ಮೀಟರು ಹೇಳಿದ್ದಕ್ಕೆ ನಾವು ಒಂದಿಷ್ಟು ಕೂಡಿಸಬೇಕು ಇಲ್ಲವೇ ಕಳೆಯಬೇಕು. ಅದಕ್ಕೆಂದೇ ಕ್ಯಾಮೆರಾದ ತಲೆಯ ಮೇಲೆ ಒಂದು ಗುಂಡಿ ಇದೆ. ಅದರ ಮೇಲೆ ಒಂದು ಪ್ಲಸ್ಸು, ಒಂದು ಮೈನಸ್ಸು. ಬೆಳ್ಳಕ್ಕಿಗೆ ಮೈನಸ್, ಇಡ್ಲಿಗೆ ಪ್ಲಸ್. 34 ವರ್ಷ ಕೂಡಿಸಿ ಕಳೆದು ಪಿಂಚಣಿ ಪಡೆದವನು ಆ ಗುಂಡಿ ಯಾತಕ್ಕೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಮ್ಯಾನ್ಯುಯೆಲ್ಲಿನಲ್ಲಿ ಅದೆಲ್ಲ ಬರೆದಿತ್ತು. ಮ್ಯಾನ್ಯುಯೆಲ್ಲು ಯಾವ ಯಾವುದೋ ದೇಶದವರ ಭಾಷೆಯಲ್ಲಿ ಸಿಕ್ಕಿತ್ತು, ಕನ್ನಡದಲ್ಲಿ ಸಿಕ್ಕಿರಲಿಲ್ಲ; ಸಿಕ್ಕಿದ್ದರೂ ನಾನು ಓದುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆದರೆ ಆ ಬಿಳಿ ಮಚ್ಚೆಯನ್ನು ನಾನು ಅಳಿಸಲಿಲ್ಲ. ಜಿಂಕೆಯ ಮುದ್ರೆ ಒತ್ತಿ ಪೇಜಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ 46 ಜನ ‘ಸೂಪರ್ ಸಾರ್’ ಅಂದರು. ‘ಅದ್ಭುತ ಸೆರೆ’ ಅಂದರು. ಒಬ್ಬರು ‘ಹೈ ಕೀ?’ ಅಂತ ಕೇಳಿದರು. ಹಾಗಂದರೇನು ಎಂದು ಹುಡುಕಿ ನೋಡಿ, ಹೌದು ಅಂದೆ. ಅವತ್ತಿನಿಂದ ನನ್ನ ತಪ್ಪಿಗೆ ಒಂದು ಶೈಲಿಯ ಹೆಸರೂ ಸಿಕ್ಕಿತು.

ಈ ‘ಸೂಪರ್ ಸಾರ್’ ಪುಕ್ಕಟೆ ಬರುವುದಲ್ಲ. ಇದು ಮುಯ್ಯಿ. ಅವರು ನನ್ನ ಬೆಳ್ಳಕ್ಕಿಗೆ ಹಾಕಿದ್ದನ್ನು ನಾನು ಅವರ ಸೂರ್ಯಾಸ್ತಕ್ಕೆ ಹಿಂದಿರುಗಿಸಬೇಕು. ಒಮ್ಮೆ ಮೂರು ದಿನ ಮೊಮ್ಮಗನ ಜ್ವರದಲ್ಲಿ ಮುಳುಗಿ, ಒಬ್ಬರ ಚಿಟ್ಟೆಗೆ ಮುಯ್ಯಿ ಹಾಕುವುದು ಮರೆತೆ. ನನ್ನ ಮುಂದಿನ ಫೋಟೋಕ್ಕೆ ಅವರು ಬರೀ ಒಂದು ಹೆಬ್ಬೆರಳು ಹಾಕಿ ಕೈತೊಳೆದುಕೊಂಡರು. ಮದುವೆ ಮನೆಯಲ್ಲಿ ನೂರ ಒಂದು ಓದಿಸಿದವನಿಗೆ ಹನ್ನೊಂದು ಓದಿಸಿದ ಹಾಗಾಯಿತು. ಈ ವ್ಯವಹಾರದಲ್ಲಿ ಫೋಟೋ ಚೆನ್ನಾಗಿಲ್ಲ ಅನ್ನಲು ಯಾವ ಕಾಲಮ್ಮೂ ಇಲ್ಲ.

ಮುಯ್ಯಿಯಲ್ಲಿ ಪಳಗಿದವರು ಸಲೋನಿನ ಕಡೆ ತಿರುಗುತ್ತಾರೆ. ಕ್ಷೌರದ್ದಲ್ಲ, ಸ್ಪರ್ಧೆಯದ್ದು. ಅಂತಾರಾಷ್ಟ್ರೀಯ ಫೋಟೋಗ್ರಫಿ ಒಕ್ಕೂಟವೊಂದಿದೆ, ಎಫ್‌ಐಎಪಿ ಅಂತ. ಅದು ಮನ್ನಿಸುವ ಪ್ರದರ್ಶನಗಳಲ್ಲಿ ನಿಮ್ಮ ಫೋಟೋ ಎಷ್ಟು ಬಾರಿ ಆಯ್ಕೆಯಾಯಿತು ಎಂಬುದನ್ನು ಕೂಡಿಸುತ್ತಾ ಹೋದರೆ ಎಎಫ್‌ಐಎಪಿ, ಆಮೇಲೆ ಇಎಫ್‌ಐಎಪಿ, ಅದರ ಮೇಲೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ವಜ್ರ. ಅವೆನ್ಯೂ ರಸ್ತೆಯ ಒಡವೆ ಅಂಗಡಿಯ ಬೋರ್ಡು ಓದಿದ ಹಾಗಿರುತ್ತದೆ. ಇದನ್ನು ಗಂಭೀರವಾಗಿ ದುಡಿದು ಪಡೆದವರಿದ್ದಾರೆ, ಅವರಿಗೆ ನಮಸ್ಕಾರ. ನಾನು ಹೇಳುತ್ತಿರುವುದು ನನ್ನಂಥವರ ಬಗ್ಗೆ. ನಮ್ಮ ಗುಂಪಿನಲ್ಲೊಬ್ಬರಿಗೆ ಹೆಸರಿಗಿಂತ ಹೆಸರಿನ ಬಾಲ ಉದ್ದವಾಗಿ, ಮೊಮ್ಮಗಳ ಲಗ್ನಪತ್ರಿಕೆಯಲ್ಲಿ ಅದನ್ನು ಹಿಡಿಸಲು ವರನ ಕಡೆಯ ಗೋತ್ರ ಬಿಡಬೇಕಾಯಿತು.

ಇಂಥ ಗುಂಪಿನ ಜೊತೆ ಒಂದು ಭಾನುವಾರ ಕೆ.ಆರ್. ಮಾರುಕಟ್ಟೆಗೆ ‘ಫೋಟೋ ವಾಕ್’ ಹೋದೆ. ಬೆಳಗಿನ ಆರು ಗಂಟೆ, ಸೇವಂತಿಗೆಯ ರಾಶಿ, ಚೆಂಡು ಹೂವಿನ ಗುಡ್ಡ, ಮಹಡಿಯಿಂದ ಬಗ್ಗಿ ನೋಡಿದರೆ ಕೆಳಗೆ ಬಣ್ಣದ ಹೊಳೆ. ನಾವು 24 ಜನ. ಮಹಡಿಯ ಒಂದೇ ಕಟಕಟೆಗೆ 24 ಲೆನ್ಸು. ಆಮೇಲೆ ಇಳಿದು ಒಬ್ಬ ಅಜ್ಜಿಯ ಸುತ್ತ ಕೂತೆವು, ಮುಖದ ಸುಕ್ಕಿಗಾಗಿ. ಹೊಸ ಫೋಟೋಗ್ರಾಫರಿಗೆ ಸುಕ್ಕೆಂದರೆ ಪ್ರಾಣ. ಸುಕ್ಕನ್ನು ಕಪ್ಪುಬಿಳುಪು ಮಾಡಿ ‘ಬದುಕಿನ ಗೆರೆಗಳು’ ಅಂತ ಶೀರ್ಷಿಕೆ ಹಾಕಿದರೆ ಮುಯ್ಯಿ ದುಪ್ಪಟ್ಟು. ಅಜ್ಜಿ ಕನಕಾಂಬರ ಕಟ್ಟುತ್ತಲೇ ನಮ್ಮನ್ನು ನೋಡಿದಳು. “ಯಾವ ಪೇಪರ್‌ನೋರಪ್ಪಾ?” ಪೇಪರಲ್ಲ ಅಜ್ಜಿ, ಹವ್ಯಾಸ ಅಂದೆವು. “ವಾರ ವಾರ ಬತ್ತೀರ, ಗಿರಾಕಿ ಬರೋ ಹೊತ್ತಿಗೆ ಅಡ್ಡ ಕುಂತ್ಕತೀರ. ಒಂದು ಮಾರು ಹೂವ ತಗಂಡೋರಿಲ್ಲ ನಿಮ್ಮಲ್ಲಿ.” ನಾನು ನಾಚಿ ಎರಡು ಮಾರು ಕೊಂಡೆ. ಉಳಿದ 23 ಜನ, ನಾನು ದುಡ್ಡು ಕೊಡುತ್ತಿರುವಾಗ ಅಜ್ಜಿ ನಕ್ಕದ್ದನ್ನು ತೆಗೆದುಕೊಂಡರು.

ಹಾಗಾದರೆ ಹಿಂದಿನವರು ಹೇಗೆ ಕಲಿತರು? ನಮ್ಮ ನಾಡಿನ ಮಟ್ಟಿಗೆ ಈ ಪ್ರಶ್ನೆಯ ಎದುರು ನಿಂತರೆ ತಲೆ ತಗ್ಗುತ್ತದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ರೀಲಿನ ಕಾಲದಲ್ಲಿ ಕಾಡು ಹಕ್ಕಿ ತೆಗೆದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರೂ ಆಗಿದ್ದರು, ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು. ಬಜೆಟ್ ಎಷ್ಟು ಅಂತ ಅವರನ್ನು ಕೇಳುವ ಧೈರ್ಯ ಯಾವ ಅಂಗಡಿಯವನಿಗೂ ಇದ್ದಿರಲಾರದು. ಒಂದು ರೀಲಿಗೆ 36 ಫೋಟೋ. ನಾನು ದೋಣಿಯಲ್ಲಿ ನಾಲ್ಕು ಸೆಕೆಂಡು ಕೆಮ್ಮಿದರೆ ಅಷ್ಟು ಖರ್ಚಾಗುತ್ತದೆ. ತೇಜಸ್ವಿಯವರಂತೂ ನಮ್ಮ ಗುಂಪಿನ ಕುಲದೇವರು. ಅವರ ಟೋಪಿಯಂಥ ಟೋಪಿ ನಮ್ಮಲ್ಲಿ ಆರು ಜನಕ್ಕಿದೆ. ಅವರು ಮೂಡಿಗೆರೆಯ ತೋಟದಲ್ಲಿ ಹಕ್ಕಿ ನೋಡುವ ಹುಚ್ಚಿಗೆ ಕ್ಯಾಮೆರಾ ಹಿಡಿದವರು. ನಾವು ಕ್ಯಾಮೆರಾ ಇದೆಯಲ್ಲ ಎಂಬ ಸಂಕಟಕ್ಕೆ ಹಕ್ಕಿ ಹುಡುಕುವವರು. ಆ ಕಾಲದ ಕ್ಲಬ್ಬುಗಳಲ್ಲಿ ಪ್ರಿಂಟನ್ನು ಎಲ್ಲರೆದುರು ಇಟ್ಟು ಚರ್ಮ ಸುಲಿಯುತ್ತಿದ್ದರು ಅಂತ ಹಳಬರೊಬ್ಬರು ನನಗೆ ಹೇಳಿದರು. ಹೇಳುವಾಗ ಅವರ ಮುಖದಲ್ಲಿ, ಇಷ್ಟು ವರ್ಷವಾದರೂ, ಸ್ವಲ್ಪ ನೋವಿತ್ತು.

ನಿಜ ಹೇಳಬೇಕೆಂದರೆ ಡಿಜಿಟಲ್ ಫೋಟೋಗ್ರಫಿ ಹುಟ್ಟಿದ್ದೇ ಇಂಥ ಒಂದು ಮಾತಿನ ಜೊತೆಗೆ. 1975ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ, ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರು ಅಲ್ಲಿ ಇಲ್ಲಿ ಬಿದ್ದಿದ್ದ ಬಿಡಿಭಾಗ ಕೂಡಿಸಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ. ಮೂರೂವರೆ ಕೆ.ಜಿ.ಗೂ ಹೆಚ್ಚು ತೂಕ. ನೂರು ಸಾಲು, ಸಾಲಿಗೆ ನೂರು ಚುಕ್ಕಿ, ಅಂದರೆ 0.01 ಮೆಗಾಪಿಕ್ಸೆಲ್. ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿಯನ್ನು ನಿಲ್ಲಿಸಿ ತೆಗೆದ. ಟಿವಿ ಪರದೆಯ ಮೇಲೆ ಕೂದಲು ಗುರುತಾಯಿತು, ಮುಖ ಕಲಸಿಹೋಗಿತ್ತು. ಆಕೆ ನೋಡಿ, ಇನ್ನೂ ಕೆಲಸ ಆಗಬೇಕು ಎಂಬರ್ಥದ ಒಂದೇ ಮಾತು ಹೇಳಿ ಹೊರಟುಹೋದಳು. ಜಗತ್ತಿನ ಮೊದಲ ಡಿಜಿಟಲ್ ಫೋಟೋಕ್ಕೆ ಬಂದ ಮೊದಲ ಕಾಮೆಂಟು ಅದು. ಆಕೆ ‘ಸೂಪರ್ ಸಾರ್’ ಅಂದಿದ್ದರೆ ನಾವಿನ್ನೂ ಒಂದೊಂದು ಫೋಟೋಕ್ಕೂ 23 ಸೆಕೆಂಡು ಕಾಯುತ್ತಾ ಕೂತಿರುತ್ತಿದ್ದೆವೇನೋ. (ಕೊಡಾಕಿನ ದೊಡ್ಡವರು ಆ ಡಬ್ಬಿಯನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 2012ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಬ್ಯಾಂಕಿನವನಾದ್ದರಿಂದ ಇಂಥದ್ದು ಚೆನ್ನಾಗಿ ನೆನಪಿರುತ್ತದೆ.)

ನನಗೆ ಅಂಥ ಹುಡುಗಿ ಸಿಗಲಿಲ್ಲ. ಸಿಕ್ಕಿದ್ದು ಜಾತಕ. ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ಫೋಟೋದ ಮೇಲೆ ಎಲ್ಲೋ ಒತ್ತಿ, ಏನೋ ತೆರೆದು ನೋಡಿದರೆ ಅದರ ಹುಟ್ಟಿದ ದಿನ, ಗಳಿಗೆ, ಲೆನ್ಸು, ಎಫ್ ನಂಬರು, ಶಟರು, ಐಎಸ್‌ಒ ಎಲ್ಲ ಸಾಲಾಗಿ ಬರೆದಿದೆ. ಎಕ್ಸಿಫ್ ಅನ್ನುತ್ತಾರೆ. ರೀಲಿನ ಕಾಲದವರು ಇದನ್ನು ಪ್ರತಿ ಕ್ಲಿಕ್ಕಿಗೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಿತ್ತು. ನನ್ನ ಕ್ಯಾಮೆರಾ ಹೇಳದೆ ಕೇಳದೆ ಗುಮಾಸ್ತನ ಕೆಲಸ ಮಾಡಿಟ್ಟಿತ್ತು. ಹಳೇ ಚಾಳಿ, ಒಂದು ಲೆಡ್ಜರು ತೆಗೆದು ಗೆರೆ ಹಾಕಿ ಕೂತೆ. ರಂಗನತಿಟ್ಟಿನ 640ರಲ್ಲಿ ಮುಕ್ಕಾಲು ಪಾಲಿನ ಶಟರು ಸೆಕೆಂಡಿನ 60ನೇ ಒಂದು ಭಾಗ. ಹಾರುವ ಕೊಕ್ಕರೆಗೆ ಸಾವಿರದಲ್ಲೊಂದು ಭಾಗವಾದರೂ ಬೇಕು. ಶಟರು ಯಾಕೆ ತೆವಳುತ್ತಿತ್ತು? ಐಎಸ್‌ಒ 100ಕ್ಕೆ ಕಟ್ಟಿಹಾಕಿದ್ದೆ. ಯಾಕೆ ಕಟ್ಟಿಹಾಕಿದ್ದೆ? ಐಎಸ್‌ಒ ಕಡಿಮೆಯಿದ್ದಷ್ಟೂ ಒಳ್ಳೆಯದು ಅಂತ ಸಿಂಹಗಳ ನಡುವೆ ಮೇಷ್ಟ್ರು ಹೇಳಿದ ಒಂದೇ ವಾಕ್ಯವನ್ನು ತಾಳಿ ಮಾಡಿಕೊಂಡಿದ್ದೆ. ಒಂದು ವಾರ ಲೆಡ್ಜರು ಬರೆದೆ. ನನ್ನ ತಪ್ಪು ಏಳೂ ಅಲ್ಲ, ಇಪ್ಪತ್ತೊಂದೂ ಅಲ್ಲ, ಮೂರೇ ಮೂರು. ಅವೇ ಮೂರನ್ನು ಹನ್ನೊಂದು ಸಾವಿರ ಸಲ ಮಾಡಿದ್ದೆ.

ಹನ್ನೊಂದು ಸಾವಿರ ಫೋಟೋ ಅಂದರೆ ನಮ್ಮ ಭಾಷೆಯಲ್ಲಿ ಎನ್‌ಪಿಎ. ಅಸಲೂ ಬರುವುದಿಲ್ಲ, ಬಡ್ಡಿಯೂ ಬರುವುದಿಲ್ಲ, ರೈಟ್ ಆಫ್ ಮಾಡಲು ಕೈ ಬರುವುದಿಲ್ಲ. ಇವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರೆಕಾಯಿ ಸುಲಿಯುತ್ತಾ ಅವಳು ಹೇಳಿದಳು, ನಾನು ಅಳಿಸಿದೆ. “ತೆಗೀರಿ.” “ತೆಗೀರಿ.” “ಇದ್ಯಾಕೆ ಹದಿನೇಳು ಸಲ ತೆಗೆದಿದೀರ? ತೆಗೀರಿ.” “ಇದರಲ್ಲಿ ನಾನು ಏನನ್ನ ನೋಡ್ಬೇಕು?” ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡಲಾಗದೆ ನಾಲ್ಕು ಸಾವಿರ ಹೋದವು. ರಾತ್ರಿ ಊಟದ ಹೊತ್ತಿಗೆ ಉಳಿದದ್ದು 62. ಮುಚ್ಚಳದ ಒಳಮೈ ಅದರಲ್ಲಿದೆ. ಅದನ್ನು ಇಟ್ಟುಕೊಳ್ಳಲು ಅವಳೇ ಹೇಳಿದಳು.

ಈ ನಡುವೆ ಹಿರಿಯ ನಾಗರಿಕರ ಗುರುತಿನ ಚೀಟಿಗೆ ಪಾಸ್‌ಪೋರ್ಟ್ ಅಳತೆಯ ಒಂದು ಫೋಟೋ ಬೇಕಾಯಿತು. ಮನೆಯಲ್ಲಿ ಎರಡು ಲಕ್ಷದ ಸಾಮಾನಿದೆ, ಸ್ಟುಡಿಯೋಕ್ಕೆ ಹೋಗುವುದೇ? ಗೋಡೆಗೆ ಬಿಳಿ ಪಂಚೆ ಇಳಿಬಿಟ್ಟು, ಟ್ರೈಪಾಡು ನಿಲ್ಲಿಸಿ, ಟೈಮರು ಒತ್ತಿ ಓಡಿ ಬಂದು ಕೂತೆ. 51 ಸಲ ಓಡಿದೆ. ಕೊನೆಗೆ ಒಂದನ್ನು ಆರಿಸಿಕೊಂಡು ಹೋದರೆ ಕೌಂಟರಿನಾಕೆ ಹಿಂದಕ್ಕೆ ತಳ್ಳಿದಳು. “ಹಿಂದೆ ನೆರಳು ಬಿದ್ದಿದೆ, ಕನ್ನಡಕ ಹೊಳೀತಿದೆ, ಕಿವಿ ಕಾಣಲ್ಲ. ಸ್ಟುಡಿಯೋದಲ್ಲಿ ತೆಗೆಸ್ಕೊಂಡು ಬನ್ನಿ ಸಾರ್.” ಹದಿನಾಲ್ಕು ತಿಂಗಳಲ್ಲಿ ಮನೆಯಾಚೆ ನನ್ನ ಫೋಟೋಕ್ಕೆ ಸಿಕ್ಕ ಮೊದಲ ವಿಮರ್ಶೆ. ಮೂರೂ ಮಾತು ಸರಿಯಾಗಿದ್ದವು.

ನಮ್ಮ ಬೀದಿಯ ತಿರುವಿನಲ್ಲಿ ಜೆರಾಕ್ಸ್ ಅಂಗಡಿಯ ಮೇಲೆ ಒಂದು ಸ್ಟುಡಿಯೋ. ಇಪ್ಪತ್ತೆರಡರ ಹುಡುಗ. ಕೈಯಲ್ಲಿ ರಬ್ಬರು ಕಿತ್ತುಬಂದು ಇನ್ಸುಲೇಷನ್ ಟೇಪು ಸುತ್ತಿದ ಹಳೇ ಕ್ಯಾಮೆರಾ, ಅದಕ್ಕೆ ಎಲ್ಲರೂ ಆಡಿಕೊಳ್ಳುವ ಅದೇ ಕಿಟ್ ಲೆನ್ಸು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಗೋಡೆಯಿಂದ ಎರಡು ಹೆಜ್ಜೆ ಮುಂದಕ್ಕೆ ಎಳೆದ. ನೆರಳು ನೆಲಕ್ಕೆ ಬಿತ್ತು. ಎಡಗಡೆಯ ಲೈಟನ್ನು ಒಂದು ಗೇಣು ಮೇಲೆತ್ತಿದ. ಕನ್ನಡಕದ ಹೊಳಪು ಹೋಯಿತು. ಬಲಗಡೆ ಒಂದು ಥರ್ಮಾಕೋಲು ಹಲಗೆ ಒರಗಿಸಿದ. ಕತ್ತಲಾಗಿದ್ದ ಕೆನ್ನೆಗೆ ಜೀವ ಬಂತು. “ಗಲ್ಲ ಸ್ವಲ್ಪ ಕೆಳಗೆ ಸಾರ್.” ಟಕ್. ಒಂದೇ ಸಲ. ಎಂಟು ಕಾಪಿ.

“ಎಲ್ಲಿ ಕಲಿತೆಯಪ್ಪಾ?” ಅಂದೆ, ಯಾವುದೋ ದೊಡ್ಡ ಕೋರ್ಸಿನ ಹೆಸರು ಬರುತ್ತದೆಂದು.

“ಎಲ್ಲಿ ಸಾರ್ ಕಲಿಯೋದು. ಎಸೆಸೆಲ್ಸಿ ಆದ್ಮೇಲೆ ನಮ್ಮ ಓನರ್ ಜೊತೆ ಎರಡು ವರ್ಷ ಮದುವೇಲಿ ಲೈಟ್ ಹಿಡ್ಕೊಂಡು ನಿಂತಿದ್ದೆ. ಕ್ಯಾಮೆರಾ ಮುಟ್ಟೋಕೆ ಬಿಡ್ತಿರ್ಲಿಲ್ಲ. ಲೈಟು ತಪ್ಪು ಹಿಡಿದ್ರೆ ಹುಡುಗಿ ಮೂಗಿನ ನೆರಳು ತುಟಿ ಮೇಲೆ ಬಂದು ಮೀಸೆ ಆಗೋದು. ಓನರ್ ಅಲ್ಲೇ ಬಯ್ಯೋರು, ಬೀಗರ ಮುಂದೆ.”

ನನ್ನ ಫೋನಿನಲ್ಲಿದ್ದ ಬೆಳ್ಳಕ್ಕಿ ತೋರಿಸಿದೆ. ಜಿಂಕೆಯ ಕಡೆ ಒಮ್ಮೆ, ಬಿಳಿ ಮಚ್ಚೆಯ ಕಡೆ ಒಮ್ಮೆ ನೋಡಿದ. “ಎಗ್ರೋಗಿದೆ ಸಾರ್” ಅಂದ. ಅಷ್ಟೇ. 46 ಜನರ ಮುಯ್ಯಿ ಎರಡು ಶಬ್ದದಲ್ಲಿ ತೀರಿಹೋಯಿತು.

ಈ ಭಾನುವಾರ ಮದುವೆ ಇದೆಯೇ ಅಂತ ಕೇಳಿದೆ. ಇದೆ ಅಂದ. ಲೈಟು ಹಿಡಿಯುವವನು ಇದ್ದಾನೆಯೇ ಅಂತ ಕೇಳಿದೆ. ನನ್ನ ತಲೆ, ನನ್ನ ಮಂಡಿ, ಎರಡನ್ನೂ ಅಳೆದು ನೋಡಿ, “ಐದು ಗಂಟೆ ನಿಲ್ಬೇಕು ಸಾರ್” ಅಂದ.

ನಿಂತೆ. ಅರಿಸಿನ ಬಳಿದ ಬಾಗಿಲಿನ ಛತ್ರ, ನಾದಸ್ವರ, ಹೋಮದ ಹೊಗೆ. ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಬಿಳಿ ಛತ್ರಿ, ಛತ್ರಿಯೊಳಗೆ ಲೈಟು. “ಸಾರ್, ಕೆಳಗೆ. ಇನ್ನೂ ಕೆಳಗೆ. ಬಾಸಿಂಗದ ನೆರಳು ಕಣ್ಣಿನ ಮೇಲೆ ಬೀಳ್ತಿದೆ.” ಇಳಿಸಿದೆ, ಮದುಮಗನಿಗೆ ಕಣ್ಣು ಬಂತು. “ಹಿಂದೆ ಹೋಗ್ಬೇಡಿ ಸಾರ್, ಒಂದು ಹೆಜ್ಜೆ ಹಿಂದೆ ಹೋದ್ರೆ ಬೆಳಕು ಅರ್ಧ ಸತ್ತೋಗುತ್ತೆ.” ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ಆಗ, ಆ ಧಾರೆಯ ಮಂಟಪದಲ್ಲಿ, ಭುಜದ ನೋವಿನ ಮೂಲಕ ಒಳಗಿಳಿಯಿತು. ಜರಿಯ ಸೀರೆ ಬೆಳಕನ್ನು ಹೇಗೆ ತಿರುಗಿ ಒದೆಯುತ್ತದೆ, ಅಜ್ಜಿಯರ ಹತ್ತಿ ಸೀರೆ ಹೇಗೆ ಹೀರಿಕೊಳ್ಳುತ್ತದೆ, ಎಲ್ಲ ಕಣ್ಣೆದುರು. ಛತ್ರಿ ಒಂದಿಷ್ಟು ಓರೆಯಾದರೆ ಮಾವನ ಬೋಳು ತಲೆ ಹುಣ್ಣಿಮೆ. ಎರಡು ಸಲ ಬಯ್ಯಿಸಿಕೊಂಡೆ, ಬೀಗರ ಮುಂದೆಯೇ.

ಅಕ್ಷತೆ ಹಾಕಲು ಬಂದವರೊಬ್ಬರು ನನ್ನೆದುರು ನಿಂತುಬಿಟ್ಟರು. ಹಿಂದೆ ನಮ್ಮ ಶಾಖೆಯಲ್ಲಿ ಚಾಲ್ತಿ ಖಾತೆ ಇಟ್ಟಿದ್ದವರು. ನನ್ನನ್ನು, ಕೋಲನ್ನು, ಛತ್ರಿಯನ್ನು ನೋಡಿ ಕಿವಿಯ ಹತ್ತಿರ ಬಂದು, “ಮ್ಯಾನೇಜರ್ ಸಾರ್... ಪೆನ್ಷನ್ ಬರ್ತಿಲ್ವಾ?” ಅಂದರು. ಬರುತ್ತೆ ಅಂದೆ. ನಂಬಲಿಲ್ಲ. ಸಂಕೋಚದಿಂದ ನನ್ನ ಜೇಬಿಗೆ ಏನೋ ತುರುಕಿ ಹೋದರು. ಆಮೇಲೆ ನೋಡಿದೆ, ಐನೂರರ ನೋಟು. ಫೋಟೋಗ್ರಫಿಯಿಂದ ನನ್ನ ಮೊದಲ ವರಮಾನ.

ಫೋಟೋದವರಿಗೆ ಊಟ ಯಾವಾಗಲೂ ಕೊನೇ ಪಂಕ್ತಿ. ಓನರು, ವಿಡಿಯೋದವನು, ಹುಡುಗ, ನಾನು. ಎಲೆಯ ಮುಂದೆ ಕೂತಾಗ ಮೂರು ಗಂಟೆ. ಅನ್ನ, ಸಾರು ಬಂತು. ಬಡಿಸುವವನು ತಟ್ಟೆ ಬಗ್ಗಿಸಿ ತೋರಿಸಿದ, “ಒಬ್ಬಟ್ಟು ಒಂದೇ ಉಳ್ದಿದೆ ಸ್ವಾಮಿ.” ಓನರು ಅದನ್ನು ನಾಲ್ಕು ಪಾಲು ಮಾಡಿ ನಾಲ್ಕು ಎಲೆಗೆ ಇಟ್ಟ.

“ಎಫ್ ನಾಲ್ಕು” ಅಂದೆ.

ಯಾರೂ ನಗಲಿಲ್ಲ. ಹುಡುಗ ನನ್ನ ಎಲೆಯ ಕಡೆ ಕೈ ತೋರಿಸಿ ಬಡಿಸುವವನಿಗೆ, “ಸಾರ್‌ಗೆ ತುಪ್ಪ ಹಾಕಿ” ಅಂದ.